ಎರಡು ತೂಕದ ಮೆಷಿನ್, ಒಂದು ಪ್ಯಾಕೆಟ್ ಬೊಟ್ಟು: ಮಂಡಿ ಸವೆತದವರ ನಡಿಗೆ ನೋಡಿದ ನನ್ನ ಅನುಭವ

'ತೂಕದ ಮೆಷಿನ್ ಇಟ್ಕೊಂಡು ಮಂಡಿ ನೋಡ್ತೀಯಾ?' ಅಂತ ನನ್ನ ಜೊತೆ ಓದಿದವರೇ ನಕ್ಕಿದ್ದರು. ಮೂರು ವರ್ಷವಾಯಿತು. ಈಗ ಅವರಲ್ಲೇ ಇಬ್ಬರು ಫೋನ್ ಮಾಡಿ ಯಾವ ಮೆಷಿನ್, ಎಷ್ಟಾಯ್ತು ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಚಿಕ್ಕಮಗಳೂರಿನಲ್ಲಿ ನನ್ನದೊಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್. ಬರುವವರಲ್ಲಿ ಜಾಸ್ತಿ ಜನ ಆಲ್ದೂರು, ಮೂಡಿಗೆರೆ ಕಡೆಯ ಕಾಫಿ ತೋಟದ ಹೆಂಗಸರು. ದಿನವಿಡೀ ಇಳಿಜಾರು ಹತ್ತಿ ಇಳಿದು, ಸಂಜೆ ಹಣ್ಣಿನ ಚೀಲ ತಲೆ ಮೇಲೆ ಹೊತ್ತವರು. ಮಂಡಿಯ ಒಳಮಗ್ಗುಲು ಸವೆದು ಕಾಲು ಬಿಲ್ಲಿನ ಹಾಗೆ ಬಾಗಿರುತ್ತದೆ. ಸಪಾಟು ನೆಲದಲ್ಲಿ ನಡೆದರೂ ಮಂಡಿ ಮೇಲೆ ಮೈತೂಕದ ಎರಡು ಮೂರು ಪಟ್ಟು ಭಾರ, ಅದರಲ್ಲಿ ದೊಡ್ಡ ಪಾಲು ಒಳಮಗ್ಗುಲಿಗೇ. ನಮ್ಮ ಕಸುಬಿನವರಿಗೆ ಇದೆಲ್ಲ ಗೊತ್ತಿರುವುದೇ, ಬಿಡಿ.

ಮೊದಲು ದುಡ್ಡು ಕಳೆದುಕೊಂಡ ಕಥೆ. ಒಳಮಗ್ಗುಲಿನ ಭಾರ ಇಳಿಯಲಿ ಅಂತ, ಹೊರ ಅಂಚು ದಪ್ಪಗಿರುವ ಇನ್‌ಸೋಲ್ (ಚಪ್ಪಲಿ, ಬೂಟಿನೊಳಗೆ ಇಡುವ ಮೆತ್ತೆ) 40 ಜೊತೆ ತರಿಸಿದೆ. ಹದಿನಾರೋ ಹದಿನೇಳೋ ಸಾವಿರ ಹೋಯಿತು. ಇವರು ಹಾಕುವುದು ಹವಾಯಿ ಚಪ್ಪಲಿ. ಅದರೊಳಗೆ ಇನ್‌ಸೋಲ್ ಎಲ್ಲಿ ಇಡೋದು? ಚಪ್ಪಲಿ ರಿಪೇರಿಯವನ ಹತ್ತಿರ ಕೂತು ಅಂಟಿಸಿದೆ. ಎರಡು ಮಳೆಗೆ ಕಿತ್ತು ಬಂತು. ಹಾಕಿಕೊಂಡ ಏಳೆಂಟು ಜನಕ್ಕೂ ನೋವು ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಹೊರಗಿನ ಅಧ್ಯಯನಗಳೂ ಹೆಚ್ಚುಕಡಿಮೆ ಇದನ್ನೇ ಹೇಳಿದ್ದವು. ಮೊದಲೇ ಓದದಿದ್ದದ್ದು ನನ್ನ ತಪ್ಪು.

ಆಮೇಲೆ ಎರಡು ಡಿಜಿಟಲ್ ತೂಕದ ಮೆಷಿನ್ ತಂದೆ, ಕಾಲಿಗೊಂದು. ಅವು ಎರಡು ಮೂರು ಸೆಕೆಂಡಿಗೆ ನಂಬರ್ ಲಾಕ್ ಮಾಡಿ ಕೂತುಬಿಡುತ್ತವೆ. ನನಗೆ ಬೇಕಿದ್ದದ್ದು ಕುರ್ಚಿಯಿಂದ ಏಳುವಾಗ ಭಾರ ಯಾವ ಕಡೆ ಜಾರುತ್ತೆ ಅಂತ. ಹಾಗಾಗಿ ಮುಳ್ಳಿನ ಮೆಷಿನ್ನೇ ಬೇಕು. ಹಳೆಯವು ಎರಡು ಸಿಕ್ಕವು, ಸೇರಿ ಸಾವಿರದ ಆರುನೂರು ಇರಬೇಕು. ಒಂದು ತಿಂಗಳು ಬಂದವರಿಗೆಲ್ಲ 'ನಿಮಗೆ ಬಲಗಾಲಿಗೆ ಭಾರ ಜಾಸ್ತಿ' ಅಂತ ಹೇಳಿ ಕಳಿಸಿದೆ. ಎಲ್ಲರಿಗೂ ಬಲಗಾಲೇ ಯಾಕೆ ಅಂತ ಅನುಮಾನ ಬಂದು 25 ಕೆ.ಜಿ. ಅಕ್ಕಿ ಮೂಟೆ ಇಟ್ಟು ನೋಡಿದರೆ, ಎಡದ್ದು 25 ತೋರಿಸಿತು, ಬಲದ್ದು 27!

ಸರಿ ಮಾಡಿದ ಮೇಲೆ ಬಂದವರು ಆಲ್ದೂರು ಕಡೆಯ ಒಬ್ಬ ಅಕ್ಕ. ನೋವು ಬಲ ಮಂಡಿಯಲ್ಲಿ. ಸುಮ್ನೆ ನಿಂತರೆ ಎಡಕ್ಕೆ 41 ಕೆ.ಜಿ., ಬಲಕ್ಕೆ 29. ಕುರ್ಚಿಯಿಂದ ಏಳುವಾಗ ಎಡದ ಮುಳ್ಳು 50 ದಾಟಿತು. 'ಡಾಕ್ಟ್ರೇ, ನೋವಿರೋದು ಈ ಕಾಲಲ್ಲಿ, ಆ ಕಾಲಿನ ಮುಳ್ಳು ಯಾಕೆ ಓಡ್ತಿದೆ?' ಅಂತ ಅವರೇ ಕೇಳಿದರು. ನಾನು ಎಷ್ಟು ಸಲ ಬಾಯಲ್ಲಿ ಹೇಳಿದ್ದರೂ ಈ ಪ್ರಶ್ನೆ ಬರುತ್ತಿರಲಿಲ್ಲ. ಎಡ ಮಂಡಿಯೂ ಆಗಲೇ ಸಣ್ಣಗೆ ನೋಯಲು ಶುರುವಾಗಿತ್ತು. ಅವತ್ತಿನಿಂದ ಎರಡು ಮುಳ್ಳನ್ನೂ ಹತ್ತಿರ ಹತ್ತಿರ ಇಟ್ಟುಕೊಂಡು ಏಳುವುದೇ ಅವರ ವ್ಯಾಯಾಮ, ಜೊತೆಗೆ ತೊಡೆಗೆ ಮಾಮೂಲಿನವು. ತಲೆ ಬಗ್ಗಿಸದೆ ಮುಳ್ಳು ಕಾಣುವ ಹಾಗೆ ಒಂದು ಉಪಾಯ ಮಾಡಿದ್ದೇನೆ. ಅದನ್ನು ಮಾತ್ರ ಸದ್ಯಕ್ಕೆ ಹೇಳೋದಿಲ್ಲ.

ನಡಿಗೆ ನೋಡೋಕೆ ಫೋನಿನ ಸ್ಲೋ ಮೋಷನ್ ವಿಡಿಯೋ ಸಾಕು. ಗುರುತಿಗೆ ಸ್ಟಿಕ್ಕರ್ ಬೊಟ್ಟು, ಮಂಡಿ ಚಿಪ್ಪಿನ ಮೇಲೊಂದು, ಪಾದದ ಗಂಟಿಗೊಂದು. ಸೀರೆ ಅಡ್ಡ ಬರುತ್ತಿತ್ತು. ಚಡ್ಡಿ ಕೊಟ್ಟರೆ ಯಾರೂ ಹಾಕಲಿಲ್ಲ. 'ನಾಟಿಗೆ ಇಳಿಯೋ ಹಾಗೆ ಎತ್ತಿ ಕಟ್ಟಿ' ಅಂದೆ, ನಗುತ್ತಾ ಕಟ್ಟಿದರು. ವಿಡಿಯೋದಲ್ಲಿ ನೋಡಿದರೆ, ಹಿಮ್ಮಡಿ ಊರಿದಾಗ ಮಂಡಿ ಮಡಚುವುದೇ ಇಲ್ಲ, ಕೋಲಿನ ಹಾಗೆ ಬಿಗಿ. ನೋವಿನ ಕಾಲಿನ ಮೇಲೆ ನಿಲ್ಲುವ ಹೊತ್ತು ಕಡಿಮೆ. ನೋವಿರುವ ಕಾಲಿನ ಕಡೆಗೇ ಮೈ ವಾಲುತ್ತದೆ. ನಾನು ಜಾಣ ಅಂದುಕೊಂಡು ಆ ವಾಲುವುದನ್ನು ತಿದ್ದಿದೆ. ಮೂರು ಜನಕ್ಕೆ ನೋವು ಜಾಸ್ತಿಯಾಯಿತು. ಒಳಮಗ್ಗುಲಿನ ಭಾರ ಇಳಿಸಲು ಮೈ ತಾನೇ ಕಂಡುಕೊಂಡ ದಾರಿ ಅದು. ಬದಲಿಗೆ ಏನಾದರೂ ಕೊಡದೆ ಅದನ್ನು ಕಿತ್ತುಕೊಳ್ಳಬಾರದು.

ಆ ಬದಲಿ ಅಂದರೆ ಊರುಗೋಲು, ನೋವಿಲ್ಲದ ಕಡೆಯ ಕೈಯಲ್ಲಿ. ಹತ್ತರಲ್ಲಿ ಒಂಬತ್ತು ಜನ ನೋವಿನ ಕಡೆಗೇ ಹಿಡಿದು ಬರುತ್ತಾರೆ. ಆದರೆ ಐವತ್ತು ವರ್ಷದ ಹೆಂಗಸು ಕೋಲು ಹಿಡಿಯುತ್ತಾಳಾ? 'ಮುದುಕಿ ಅಂತಾರೆ' ಅಂತ ಬಾಗಿಲಲ್ಲೇ ಬಿಟ್ಟು ಹೋಗುತ್ತಿದ್ದರು. ಕೊನೆಗೆ ಹೊಳೆದದ್ದು ಕೊಂಬೆ ಬಗ್ಗಿಸುವ ಕೊಕ್ಕೆ. ಅದನ್ನೇ ಮಣಿಕಟ್ಟಿನ ಎತ್ತರಕ್ಕೆ ಕೊಯ್ಸಿ ಕೊಟ್ಟೆ. ತೋಟದಲ್ಲಿ ಕೊಕ್ಕೆ ಹಿಡಿದವಳನ್ನು ಯಾರು ಮುದುಕಿ ಅಂತಾರೆ? ಇದು ನನ್ನದೇ ಐಡಿಯಾ, ಇಷ್ಟು ಜಂಬ ಇರಲಿ.

ಮಧ್ಯೆ ಇನ್ನೊಂದು ಹುಚ್ಚು. ಹಲಗೆ ಮೇಲೆ ನಡೆಸಿ ಹೆಜ್ಜೆ ಸದ್ದು ರೆಕಾರ್ಡ್ ಮಾಡಿದೆ. ಎಡ ಬಲದ ವ್ಯತ್ಯಾಸ ಕಿವಿಗೇ ಕೇಳುತ್ತಿತ್ತು. ಕೆಳಗಿನ ಅಂಗಡಿಯವರು ಜಗಳಕ್ಕೆ ಬಂದರು. ಹಲಗೆ ಈಗ ಗೋಡೆಗೆ ಒರಗಿ ನಿಂತಿದೆ.

ಮೈತೂಕ ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೂ ಮಂಡಿ ಮೇಲೆ ಸುಮಾರು ನಾಲ್ಕು ಕೆ.ಜಿ. ಭಾರ ಇಳಿಯುತ್ತೆ ಅಂತ 2005ರ ಅಮೆರಿಕದ ಅಧ್ಯಯನವೊಂದು ಹೇಳುತ್ತದೆ. ತಲೆ ಮೇಲಿನ ಚೀಲಕ್ಕೂ ಅದೇ ಲೆಕ್ಕ ಅಂತ ನಾನು ಹೇಳಲಾರೆ. ಆದರೆ ತೋಟದ ರೈಟರ್‌ಗೆ, ಅಂದರೆ ಕೆಲಸ ನೋಡಿಕೊಳ್ಳುವವರಿಗೆ, ಇದನ್ನೇ ಹೇಳಿ, ಆ ಆಲ್ದೂರು ಕಡೆಯ ಅಕ್ಕನ ಚೀಲ ಅರ್ಧ ಮಾಡಿಸಿದೆ.

ನಾಲ್ಕು ತಿಂಗಳಿಗೆ ಅವರದ್ದು ಎಡಕ್ಕೆ 36, ಬಲಕ್ಕೆ 33 ಆಯಿತು. ಮುಂದಿನ ಕುಯ್ಲಿಗೂ ಹೋದರು. ಇಲ್ಲಿಯವರೆಗೆ ಅರವತ್ತು ಜನ ಇರಬಹುದು, ನಲವತ್ತು ಜನಕ್ಕೆ ಹಿಡಿಸಿದೆ. ಎಕ್ಸ್‌ರೇ ಮೊದಲಿನ ಹಾಗೇ ಇದೆಯಲ್ಲ ಅಂತ ಮೂಳೆ ಡಾಕ್ಟರೊಬ್ಬರು ಈಗಲೂ ತಲೆ ಆಡಿಸುತ್ತಾರೆ, ಆದರೆ ರೋಗಿಗಳನ್ನು ನನ್ನ ಹತ್ತಿರವೇ ಕಳಿಸುತ್ತಾರೆ. ಇನ್‌ಸೋಲ್ ಇನ್ನೂ ಮೂವತ್ತು ಜೊತೆ ಉಳಿದಿವೆ. ಬೇಕಾದವರು ಸುಮ್ನೆ ಬಂದು ಒಯ್ಯಬಹುದು.