ಮೊದಲ ಸೂಪರ್‌ಮ್ಯಾನ್ ಕಥೆ ಓದಬೇಕೇ? ಮುಖಪುಟ ಬಿಡಿ, ಪರಿವಿಡಿ ನೋಡಿ

ಸೂಪರ್‌ಮ್ಯಾನ್ ಮೊದಲ ಸಲ ಕಾಣಿಸಿಕೊಂಡಾಗ ಅವನಿಗೆ ಹಾರಲು ಬರುತ್ತಿರಲಿಲ್ಲ. ಜಿಗಿಯುತ್ತಿದ್ದ, ಅಷ್ಟೇ. ಒಂದು ಜಿಗಿತಕ್ಕೆ ಇಪ್ಪತ್ತು ಅಂತಸ್ತಿನ ಕಟ್ಟಡ ದಾಟುತ್ತಿದ್ದ. ಆ ಮೊದಲ ಕಥೆಯಲ್ಲೇ ಹೆಂಡತಿಗೆ ಹೊಡೆಯುವ ಒಬ್ಬ ಗಂಡನನ್ನು ಹಿಡಿದು ಗೋಡೆಗೆ ಎಸೆಯುತ್ತಾನೆ. ತಪ್ಪು ಮಾಡದ ಹೆಂಗಸೊಬ್ಬಳ ಮರಣದಂಡನೆ ತಪ್ಪಿಸಲು ರಾತ್ರೋರಾತ್ರಿ ಗವರ್ನರ್ ಮನೆಗೆ ನುಗ್ಗಿ ಉಕ್ಕಿನ ಬಾಗಿಲನ್ನೇ ಕಿತ್ತು ಹಾಕುತ್ತಾನೆ.

ಸಿನಿಮಾದಲ್ಲಿ ಈ ಸೂಪರ್‌ಮ್ಯಾನ್ ಸಿಗುವುದಿಲ್ಲ. ಅವನಿರುವುದು 1938ರ 'ಆಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆಯಲ್ಲಿ. ಆಗ ಅದರ ಬೆಲೆ ಹತ್ತು ಸೆಂಟ್. 2024ರಲ್ಲಿ ಅದರ ಒಂದು ಮೂಲ ಪ್ರತಿ 60 ಲಕ್ಷ ಡಾಲರ್‌ಗೆ ಹರಾಜಾಯಿತು. ಹಾಗಾಗಿ ನಮ್ಮಂಥವರಿಗೆ ಇರುವುದು ಒಂದೇ ದಾರಿ, ಮರುಮುದ್ರಣಗಳ ಸಂಪುಟ. ಅವು ಬೇಕಾದಷ್ಟಿವೆ. ಆರಿಸುವುದು ಹೇಗೆ ಎಂಬುದೇ ಕಷ್ಟ.

ಮೊದಲು ಪರಿವಿಡಿ

ಪುಸ್ತಕದ ಹೆಸರು ನೋಡಿ ದುಡ್ಡು ಕೊಡಬೇಡಿ. ಒಳಗೆ ಯಾವ ಪತ್ರಿಕೆಯ ಯಾವ ಸಂಚಿಕೆಗಳಿವೆ ಎಂದು ನೋಡಿ. ನಾನು ಇದನ್ನು ದುಡ್ಡು ಕಳೆದುಕೊಂಡು ಕಲಿತೆ. 'ಸೂಪರ್‌ಮ್ಯಾನ್ ಆರ್ಕೈವ್ಸ್' ಮೊದಲ ಸಂಪುಟ ಕೊಂಡೆ. ಕೆಲವು ತಿಂಗಳ ನಂತರ 'ಸೂಪರ್‌ಮ್ಯಾನ್ ಕ್ರಾನಿಕಲ್ಸ್' ಮೊದಲ ಸಂಪುಟವನ್ನೂ ತರಿಸಿದೆ. ತೆರೆದು ನೋಡಿದರೆ, ಓದಿದ ಕಥೆಗಳೇ ಮತ್ತೆ ಎದುರಿಗೆ!

ಕಾರಣ ಆಮೇಲೆ ತಿಳಿಯಿತು. ಸೂಪರ್‌ಮ್ಯಾನ್ ಎಷ್ಟು ಬೇಗ ಗೆದ್ದನೆಂದರೆ, ಒಂದೇ ವರ್ಷದಲ್ಲಿ, 1939ರ ಬೇಸಿಗೆಯಲ್ಲಿ, ಅವನದೇ ಹೆಸರಿನ ಪತ್ರಿಕೆ ಬಂತು. ಅದರ ಮೊದಲ ಸಂಚಿಕೆ ತುಂಬಿಸಿದ್ದು 'ಆಕ್ಷನ್ ಕಾಮಿಕ್ಸ್'ನ ಮೊದಲ ನಾಲ್ಕು ಕಥೆಗಳಿಂದ. ಜೊತೆಗೆ ಹಿಂದಿನ ವರ್ಷ ಜಾಗವಿಲ್ಲದೆ ಬಿಟ್ಟಿದ್ದ ಕೆಲವು ಪುಟಗಳು. ಅಂದರೆ ಸೂಪರ್‌ಮ್ಯಾನ್‌ನ ಮೊದಲ ಮರುಮುದ್ರಣ ಬಂದದ್ದು 1939ರಲ್ಲೇ! ಆರ್ಕೈವ್ಸ್ ಸಂಪುಟದಲ್ಲಿ 'ಸೂಪರ್‌ಮ್ಯಾನ್' ಪತ್ರಿಕೆಯ 1ರಿಂದ 4ನೇ ಸಂಚಿಕೆಗಳಿವೆ. ಕ್ರಾನಿಕಲ್ಸ್ ಸಂಪುಟ 'ಆಕ್ಷನ್ ಕಾಮಿಕ್ಸ್'ನ 1ರಿಂದ 13ನೇ ಸಂಚಿಕೆಯವರೆಗೆ ಹೋಗಿ, 'ಸೂಪರ್‌ಮ್ಯಾನ್' 1ನ್ನೂ ಸೇರಿಸಿಕೊಳ್ಳುತ್ತದೆ. ಮೊದಲೇ ಪಟ್ಟಿ ನೋಡಿದ್ದರೆ ಎರಡರಲ್ಲಿ ಒಂದು ಸಾಕಾಗುತ್ತಿತ್ತು.

ಪಟ್ಟಿ ಹುಡುಕಲು 'ಗ್ರ್ಯಾಂಡ್ ಕಾಮಿಕ್ಸ್ ಡೇಟಾಬೇಸ್' ಎಂಬ ಜಾಲತಾಣವಿದೆ. ಕಾಮಿಕ್ಸ್ ಪ್ರಿಯರೇ ಕೂತು ಕಟ್ಟಿದ್ದು. ಯಾವ ಸಂಚಿಕೆಯಲ್ಲಿ ಯಾವ ಕಥೆ, ಎಷ್ಟು ಪುಟ, ಆಮೇಲೆ ಯಾವ ಪುಸ್ತಕದಲ್ಲಿ ಮರುಮುದ್ರಣವಾಯಿತು ಎಂದು ಅಲ್ಲಿ ಸಿಗುತ್ತದೆ. ನಾನೀಗ ಅದನ್ನು ನೋಡದೆ ಒಂದು ಪುಸ್ತಕವನ್ನೂ ತರಿಸುವುದಿಲ್ಲ.

ಹೊಸಬರಿಗೆ ನನ್ನ ಆಯ್ಕೆ 'ಬ್ಯಾಟ್‌ಮ್ಯಾನ್ ಕ್ರಾನಿಕಲ್ಸ್' ಮೊದಲ ಸಂಪುಟ. 'ಡಿಟೆಕ್ಟಿವ್ ಕಾಮಿಕ್ಸ್' 27ರಿಂದ 38, ಜೊತೆಗೆ 'ಬ್ಯಾಟ್‌ಮ್ಯಾನ್' 1. 1939ರ ಮೇ ತಿಂಗಳಿಂದ ಒಂದು ವರ್ಷದ ಕಥೆ, ಬಂದ ಕ್ರಮದಲ್ಲೇ. ಮೊದಲ ಕಥೆ ಬರೀ ಆರು ಪುಟ. ಬ್ಯಾಟ್‌ಮ್ಯಾನ್‌ನ ಅಪ್ಪ ಅಮ್ಮ ಸತ್ತ ಕಥೆ 33ನೇ ಸಂಚಿಕೆಯವರೆಗೂ ಬರುವುದೇ ಇಲ್ಲ, ಬಂದಾಗಲೂ ಎರಡೇ ಪುಟದಲ್ಲಿ ಮುಗಿಯುತ್ತದೆ. 38ರಲ್ಲಿ ಅವನ ಜೊತೆಗಾರ ರಾಬಿನ್ ಬರುತ್ತಾನೆ. ಕೊನೆಗೆ ಜೋಕರ್, ಕ್ಯಾಟ್‌ವುಮನ್ ಇಬ್ಬರೂ ಒಂದೇ ಸಂಚಿಕೆಯಲ್ಲಿ. ಒಂದು ದೊಡ್ಡ ಕಥಾಲೋಕ ಕಣ್ಣೆದುರೇ ಚೂರುಚೂರಾಗಿ ಜೋಡಣೆಯಾಗುವುದನ್ನು ನೋಡುವ ಖುಷಿ ಬೇರೆಲ್ಲೂ ನನಗೆ ಸಿಕ್ಕಿಲ್ಲ. ಈ ಸಂಪುಟ ಹೊಸದಾಗಿ ಸಿಗದಿದ್ದರೆ, 'ಗೋಲ್ಡನ್ ಏಜ್' ಎಂಬ ಹೆಸರಿನ ಪೇಪರ್‌ಬ್ಯಾಕ್ ಸಾಲು ನೋಡಿ.

ಆಮೇಲೆ ಬಣ್ಣ, ಕಾಗದ

ಆ ಕಾಲದ ಕಾಮಿಕ್ಸ್ ಅಚ್ಚಾಗುತ್ತಿದ್ದದ್ದು ನ್ಯೂಸ್‌ಪ್ರಿಂಟ್ ಮೇಲೆ. ಭೂತಗನ್ನಡಿ ಹಿಡಿದರೆ ಬಣ್ಣವೆಲ್ಲ ಚುಕ್ಕಿಚುಕ್ಕಿಯಾಗಿ ಕಾಣುತ್ತದೆ. ಮುಖದ ಬಣ್ಣ ಅಂದರೆ ಹಳದಿಯ ಮೇಲೆ ಕೆಂಪು ಚುಕ್ಕಿಗಳು. ಅದೇ ಚಿತ್ರವನ್ನು ಹೊಳೆಯುವ ಬಿಳಿ ಆರ್ಟ್ ಪೇಪರ್ ಮೇಲೆ ಹೊಸದಾಗಿ ಬಣ್ಣ ತುಂಬಿ ಅಚ್ಚು ಹಾಕಿದರೆ ಚುಕ್ಕಿ ಹೋಗುತ್ತದೆ, ಬಣ್ಣ ಕಣ್ಣಿಗೆ ಹೊಡೆಯುತ್ತದೆ. 1989ರಲ್ಲಿ ಶುರುವಾದ, ಸೂಪರ್‌ಮ್ಯಾನ್ ಪ್ರಕಟಿಸುವ ಡಿಸಿ ಕಂಪನಿಯ ಆರ್ಕೈವ್ಸ್ ಸಾಲು ಈ ಥರದ್ದು. ಗಟ್ಟಿ ರಟ್ಟು, ಚೆಂದದ ಕಟ್ಟು. ಆದರೆ ಹಳೇ ಪುಟದ ಮಬ್ಬು ನನಗೆ ಜಾಸ್ತಿ ಇಷ್ಟ.

ಹೊಸ ಬಣ್ಣ ಹಾಕಿದ್ದಕ್ಕೂ ಕಾರಣವಿದೆ. ಆ ಕಾಲದ ಮೂಲ ಚಿತ್ರಗಳು ಹೆಚ್ಚಾಗಿ ಉಳಿದೇ ಇಲ್ಲ. ಉಳಿದದ್ದು ಓದುಗರು ಎತ್ತಿಟ್ಟುಕೊಂಡ ಪ್ರತಿಗಳು. ಗ್ರೆಗ್ ಥೀಕ್‌ಸ್ಟನ್ ಎಂಬವರು ಒಂದು ವಿಧಾನ ಕಂಡುಹಿಡಿದರು. ಹಳೇ ಪುಟವನ್ನು ಬ್ಲೀಚ್‌ನಲ್ಲಿ ಅದ್ದಿದರೆ ಬಣ್ಣವೆಲ್ಲ ಬಿಟ್ಟುಹೋಗಿ ಕಪ್ಪು ಗೆರೆ ಮಾತ್ರ ಉಳಿಯುತ್ತದೆ. ಆ ಗೆರೆಯ ಮೇಲೆ ಹೊಸ ಬಣ್ಣ. ಆದರೆ ಅದ್ದಿದ ಪುಟ ಮತ್ತೆ ಮೊದಲಿನಂತಾಗದು. ಸಾವಿರಾರು ಜನ ಓದಲಿ ಎಂದು ಒಂದು ಹಳೇ ಪ್ರತಿ ಹಾಳಾಗುತ್ತಿತ್ತು. ಇದು ಗೊತ್ತಾದ ಮೇಲೆ ಆ ಹೊಳೆಯುವ ಪುಟಗಳನ್ನು ನಾನು ಬೈಯುವುದು ಬಿಟ್ಟೆ. ಈಗ ಸ್ಕ್ಯಾನರ್ ಇರುವುದರಿಂದ ಅಷ್ಟು ಬಲಿ ಬೇಕಿಲ್ಲ.

ಅಂಗಡಿಯಲ್ಲಿ ಪುಸ್ತಕ ಕೈಗೆ ಸಿಕ್ಕರೆ ಮುಖಗಳ ಗೆರೆ ನೋಡಿ. ಎಲ್ಲ ಒಂದೇ ದಪ್ಪ, ಸತ್ತಂತೆ ಇದ್ದರೆ ಯಾರೋ ಮೇಲೆ ಮತ್ತೆ ಎಳೆದಿರಬಹುದು. ಆನ್‌ಲೈನ್ ಆದರೆ ಒಳಪುಟದ ಫೋಟೊ ಕೇಳಿ. ಹಲವು ಸಂಪುಟಗಳಷ್ಟು ಕಥೆಗಳನ್ನು ಒಂದೇ ಕಟ್ಟಿನಲ್ಲಿ ಸೇರಿಸಿದ ದಪ್ಪ ಆಮ್ನಿಬಸ್ ಸಂಪುಟಗಳು ಲೆಕ್ಕದಲ್ಲಿ ಅಗ್ಗ, ಆದರೆ ಮಲಗಿಕೊಂಡು ಓದಲು ಆಗುವುದೇ ಇಲ್ಲ. ಮೇಜು ಬೇಕು.

ಏನು ಬಿಟ್ಟಿದ್ದಾರೆ?

ಆಕ್ಷನ್ ಕಾಮಿಕ್ಸ್‌ನ ಆ ಮೊದಲ ಸಂಚಿಕೆಯಲ್ಲಿ 64 ಪುಟ. ಸೂಪರ್‌ಮ್ಯಾನ್ ಕಥೆ 13 ಪುಟ ಮಾತ್ರ. ಉಳಿದದ್ದು ಜಟಾರಾ ಎಂಬ ಜಾದೂಗಾರ, ಮಾರ್ಕೊ ಪೋಲೊ, ಕೌಬಾಯ್ ಕಥೆ, ಇನ್ನೂ ಏನೇನೋ. ಸಂಪುಟಗಳು ನಾಯಕನ ಕಥೆಯನ್ನಷ್ಟೇ ಎತ್ತಿಕೊಳ್ಳುತ್ತವೆ. ಹತ್ತು ಸೆಂಟ್ ಕೊಟ್ಟ ಹುಡುಗನ ಕೈಗೆ ಏನು ಸಿಕ್ಕಿತ್ತು ಎಂದು ತಿಳಿಯಬೇಕಾದರೆ 'ಫ್ಯಾಕ್ಸಿಮಿಲಿ ಎಡಿಷನ್' ಎಂದು ಬರೆದಿರುವ ಬಿಡಿ ಸಂಚಿಕೆ ಕೊಳ್ಳಿ. ಅದು ಇಡೀ ಸಂಚಿಕೆಯ ಯಥಾಪ್ರತಿ, ಜಾಹೀರಾತೂ ಇರುತ್ತದೆ. ಒಂದನ್ನಾದರೂ ಹಾಗೆ ಓದಿ.

ದುಡ್ಡೇ ಖರ್ಚು ಮಾಡಬಾರದು ಎಂದಿದ್ದರೂ ದಾರಿಯಿದೆ. ಅಮೆರಿಕದಲ್ಲಿ ಆಗ 28 ವರ್ಷಕ್ಕೆ ಕಾಪಿರೈಟ್ ನವೀಕರಿಸಬೇಕಿತ್ತು. ಮುಚ್ಚಿಹೋದ ಎಷ್ಟೋ ಕಂಪನಿಗಳು ನವೀಕರಿಸಲಿಲ್ಲ. ಅಂಥ ಕಾಮಿಕ್ಸ್‌ಗಳ ಸ್ಕ್ಯಾನ್ 'ಡಿಜಿಟಲ್ ಕಾಮಿಕ್ ಮ್ಯೂಸಿಯಂ' ತಾಣದಲ್ಲಿ ಉಚಿತ. ಬ್ಲ್ಯಾಕ್ ಟೆರರ್, ಫೈಟಿಂಗ್ ಯಾಂಕ್ ಎಂಬ ಮರೆತುಹೋದ ವೀರರು ಅಲ್ಲಿ ಸಿಗುತ್ತಾರೆ. ಸೂಪರ್‌ಮ್ಯಾನ್‌ನ ಮೊದಲ ಕಥೆ ಅಮೆರಿಕದ ಕಾಪಿರೈಟ್‌ನಿಂದ ಹೊರಬರುವುದು 2034ಕ್ಕೆ.

ಎಚ್ಚರಿಕೆಯ ಮಾತೊಂದು. 'ಅಜ್ಜನ ಟ್ರಂಕಿನಲ್ಲಿ ಸಿಕ್ಕಿದ ಮೂಲ ಪ್ರತಿ' ಎಂದು ಯಾರಾದರೂ ಮಾರಲು ಬಂದರೆ ಸ್ಕೇಲ್ ತೆಗೆಯಿರಿ. 1974ರಲ್ಲಿ ಡಿಸಿ ಆಕ್ಷನ್ ಕಾಮಿಕ್ಸ್‌ನ ಮೊದಲ ಸಂಚಿಕೆಯನ್ನು ದೊಡ್ಡ ಆಕಾರದಲ್ಲಿ ಹಾಗೇ ಅಚ್ಚು ಹಾಕಿ, ಮೇಲೊಂದು ಬೇರೆ ಹೊದಿಕೆ ಹಾಕಿತ್ತು. ಹೊದಿಕೆ ಕಿತ್ತು ಒಳಗಿನದನ್ನು ಮೂಲ ಎಂದು ಮಾರಿದವರಿದ್ದಾರೆ. ಮೂಲದ ಎತ್ತರ ಸುಮಾರು ಹತ್ತೂವರೆ ಇಂಚು. ಇದು ಹದಿಮೂರು ದಾಟುತ್ತದೆ.

ಓದುವಾಗ

ಒಂದೇ ಸಲ ಇಡೀ ಸಂಪುಟ ಓದಬೇಡಿ. ಇವು ತಿಂಗಳಿಗೊಂದರಂತೆ ಬಂದವು, ಒಟ್ಟಿಗೆ ಓದಿದರೆ ಎಲ್ಲ ಒಂದೇ ಥರ ಅನ್ನಿಸಿ ಬೇಜಾರಾಗುತ್ತದೆ. ದಿನಕ್ಕೊಂದು ಸಾಕು. ಮಕ್ಕಳಿಗೆ ಕೊಡುವ ಮೊದಲು ನೀವು ಓದಿ. ಕಪ್ಪು ಜನರನ್ನು, ಚೀನಾ ಜಪಾನಿನವರನ್ನು ಹೀನವಾಗಿ ಬರೆದ ಪುಟಗಳಿವೆ. ಜೊತೆಯಲ್ಲಿ ಕೂತು ಓದಿದರೆ ಅದು ಯಾಕೆ ತಪ್ಪು ಎಂದು ಹೇಳಬಹುದು ಅಲ್ವಾ? ಮಳೆಗಾಲದಲ್ಲಿ ಜೋಪಾನ. ಆರ್ಟ್ ಪೇಪರ್ ಒದ್ದೆಯಾದರೆ ಪುಟಗಳು ಅಂಟಿಕೊಂಡು ಬಿಡಿಸಲು ಬರುವುದಿಲ್ಲ. ಕಪಾಟನ್ನು ಹೊರಗೋಡೆಗೆ ತಾಗಿಸಬೇಡಿ.

ಆಕ್ಷನ್ ಕಾಮಿಕ್ಸ್ 3ನೇ ಸಂಚಿಕೆಯ ಕಥೆಯನ್ನು ಮಾತ್ರ ತಪ್ಪಿಸಬೇಡಿ. ಗಣಿ ಕುಸಿದು ಕೂಲಿಯವನೊಬ್ಬ ಊನವಾಗುತ್ತಾನೆ. ಮಾಲೀಕನಿಗೆ ಲೆಕ್ಕವೇ ಇಲ್ಲ. ಸೂಪರ್‌ಮ್ಯಾನ್ ಗಣಿ ಕೆಲಸದವನ ವೇಷ ಹಾಕಿ, ಪಾರ್ಟಿ ಮಾಡುತ್ತಿದ್ದ ಮಾಲೀಕನನ್ನೂ ಅವನ ಅತಿಥಿಗಳನ್ನೂ ಅದೇ ಗಣಿಯೊಳಗೆ ಸಿಕ್ಕಿಸುತ್ತಾನೆ. ರೇಷ್ಮೆ ಬಟ್ಟೆಯವರು ಸನಿಕೆ ಹಿಡಿಯಬೇಕಾಗುತ್ತದೆ. ರಕ್ಷಣೆಯ ಸಾಮಾನು ಒಂದೂ ಕೆಲಸ ಮಾಡುವುದಿಲ್ಲ. ಖಳನಾಯಕನಿಗೆ ಯಾವ ಶಕ್ತಿಯೂ ಇಲ್ಲ, ದುಡ್ಡು ಉಳಿಸುವ ಆಸೆ ಮಾತ್ರ.

ಕಥೆ ಮುಗಿದ ಮೇಲೆ ಬರೆದವರ ಹೆಸರು ಹುಡುಕಿ. ಇದನ್ನು ಬರೆದ ಜೆರ್ರಿ ಸೀಗಲ್, ಚಿತ್ರ ಬರೆದ ಜೋ ಶುಸ್ಟರ್ ಇಬ್ಬರೂ ಕ್ಲೀವ್‌ಲ್ಯಾಂಡ್‌ನ ಹುಡುಗರು. ಸೂಪರ್‌ಮ್ಯಾನ್‌ನ ಹಕ್ಕು ಬರೆದುಕೊಟ್ಟದ್ದು 130 ಡಾಲರ್‌ಗೆ. ಬ್ಯಾಟ್‌ಮ್ಯಾನ್ ಪುಟಗಳಲ್ಲಿ ಚಿತ್ರಕಾರ ಬಾಬ್ ಕೇನ್ ಸಹಿ ಮಾತ್ರ ಕಾಣುತ್ತದೆ. ಆ ಮೊದಲ ಕಥೆ ಬರೆದ ಬಿಲ್ ಫಿಂಗರ್ ತೀರಿಕೊಂಡದ್ದು 1974ರಲ್ಲಿ. ಬ್ಯಾಟ್‌ಮ್ಯಾನ್ ಸೃಷ್ಟಿಯಲ್ಲಿ ಅವರ ಹೆಸರನ್ನೂ ಸೇರಿಸುವುದಾಗಿ ಕಂಪನಿ ಒಪ್ಪಿದ್ದು 2015ರಲ್ಲಿ. ನಿಮ್ಮ ಕೈಯಲ್ಲಿರುವ ಸಂಪುಟ ಅದಕ್ಕಿಂತ ಹಳೆಯದಾದರೂ ಪರಿವಿಡಿಯಲ್ಲಿ ಕಥೆಯ ಪಕ್ಕದಲ್ಲಿ ಆ ಹೆಸರು ಇದೆಯೇ ನೋಡಿ. ಇಲ್ಲದಿದ್ದರೆ ಪೆನ್ಸಿಲ್‌ನಲ್ಲಿ ಬರೆದಿಡಿ.