2.6 ಕಿಲೋಮೀಟರ್ ಹಳೇ ತಾಮ್ರದ ಮೇಲೆ ಇ1: ಆಲ್ದೂರು ಕಡೆಯ ತೋಟವೊಂದರಲ್ಲಿ ನನ್ನ ಅನುಭವ

ಇ1 ಅಂದರೆ 64 ಕೆಬಿಪಿಎಸ್‌ನ ಮೂವತ್ತೆರಡು ಸ್ಲಾಟ್, ಒಟ್ಟು 2 ಎಂಬಿ ಸಾಗಿಸೋ ಡಿಜಿಟಲ್ ಟೆಲಿಫೋನ್ ಲಿಂಕ್. ಹಳೇ ಫೋನ್ ಕೇಬಲ್ ಮೇಲೆ ಅಂಥದ್ದೊಂದು ಹಾಕಿ ಎರಡು ಮಳೆಗಾಲ ದಾಟಿತು, ಸಿಡಿಲಿಗೆ ಸುಟ್ಟ ಒಂದು ಸಲ ಬಿಟ್ಟರೆ ಲಿಂಕ್ ಬಿದ್ದಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಶುರು ಮಾಡಿದಾಗ ಚಿಕ್ಕಮಗಳೂರಿನ ನಮ್ಮ ಇಪಿಎಬಿಎಕ್ಸ್ (ಆಫೀಸಿನೊಳಗಿನ ಫೋನ್ ಎಕ್ಸ್‌ಚೇಂಜ್) ಬಳಗದಲ್ಲಿ ಒಬ್ಬರೂ ಒಪ್ಪಿರಲಿಲ್ಲ. "ಮಾರಾಯ, ಆ ಕೇಬಲ್ ಕಿತ್ತು ಗುಜರಿಗೆ ಹಾಕು, ಫೈಬರ್ ಎಳಿ" ಅಂದವರೇ ಎಲ್ಲ.

ಜಾಗ ಆಲ್ದೂರಿನಿಂದ ಒಳಗಿರುವ ಕಾಫಿ ತೋಟ. ರಸ್ತೆ ಪಕ್ಕ ಆಫೀಸು. ಪಿಆರ್‌ಐ (ಎಕ್ಸ್‌ಚೇಂಜಿನಿಂದ ಬರೋ ಡಿಜಿಟಲ್ ಫೋನ್ ಲೈನ್), ಇಂಟರ್ನೆಟ್ ಎರಡೂ ಅಲ್ಲಿಗೆ ಬರುತ್ತವೆ. ಗುಡ್ಡದ ಆಚೆ ಪಲ್ಪರ್ ಮನೆ (ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಜಾಗ), ಕಣ, ಹೋಂಸ್ಟೇ. ಅಲ್ಲಿ ಮೊಬೈಲ್ ಸಿಗ್ನಲ್ ಸೊನ್ನೆ. ಸಾಹುಕಾರ್ರಿಗೆ ಬೇಕಾಗಿದ್ದು ಇಪ್ಪತ್ತನಾಲ್ಕು ಫೋನು, ಜೊತೆಗೆ ತೂಕದ ಲೆಕ್ಕ ಕಳಿಸೋಕೆ ಮತ್ತು ಹೋಂಸ್ಟೇಗೆ ಬಂದವರು ಯುಪಿಐ ಮಾಡೋಕೆ ಸ್ವಲ್ಪ ನೆಟ್ಟು. ಫೈಬರ್‌ಗೆ ಮೂರೂವರೆ ಲಕ್ಷದ ಹತ್ತಿರ ಕೊಟೇಶನ್ ಬಂದಿತ್ತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲುವೆ ತೆಗೆಯೋ ಖರ್ಚು. ಮರದಿಂದ ಮರಕ್ಕೆ ಎಳೆದರೆ ಪ್ರತಿ ವರ್ಷ ನೆರಳಿನ ಮರದ ಕೊಂಬೆ ಕಡಿಯೋ ಮರಗಸಿಯಲ್ಲಿ ಕಡಿದುಹೋಗುತ್ತೆ. ವೈರ್‌ಲೆಸ್‌ಗೆ ಗುಡ್ಡ ಅಡ್ಡ, ಸಿಲ್ವರ್ ಓಕ್ ಬೇರೆ. ನೆಲದಲ್ಲಿ ಮಾತ್ರ 20 ಜೋಡಿ ತಂತಿಯ, ನೀರು ಇಳಿಯದಂತೆ ಜೆಲ್ಲಿ ತುಂಬಿದ ಫೋನ್ ಕೇಬಲ್, 0.5 ಎಂಎಂ, ಯಾರಿಗೂ ಬೇಡವಾಗಿ ಮಲಗಿತ್ತು.

ನನ್ನ ಯೋಜನೆ ಇಷ್ಟು: ಎರಡು ತುದಿಗೂ ಹಳೇ ಎಸ್‌ಎಚ್‌ಡಿಎಸ್‌ಎಲ್ ಮೋಡೆಮ್ (ಫೋನ್ ತಂತಿಯ ಮೇಲೆ ಎರಡೂ ದಿಕ್ಕಿಗೆ ಒಂದೇ ವೇಗದಲ್ಲಿ ಡೇಟಾ ಕಳಿಸುವಂಥದ್ದು), ಒಂದೇ ಜೋಡಿ ತಂತಿ, ಅದರ ಮೇಲೆ ಪೂರ್ತಿ 2048 ಕೆಬಿಪಿಎಸ್. ಎರಡೂ ಕಡೆ ಇ1 ಕಾರ್ಡ್ ಹಾಕಿದ ಆಸ್ಟರಿಸ್ಕ್ ಪೆಟ್ಟಿಗೆ, ಅಂದರೆ ಫೋನ್ ಎಕ್ಸ್‌ಚೇಂಜಿನ ಕೆಲಸ ಮಾಡೋ ತಂತ್ರಾಂಶ ಹಾಕಿದ ಕಂಪ್ಯೂಟರ್. 1ರಿಂದ 15ರ ಸ್ಲಾಟ್ ಮಾತಿಗೆ, 16 ಸಿಗ್ನಲಿಂಗ್‌ಗೆ (ಕರೆ ಜೋಡಿಸೋ, ಬಿಡೋ ಸಂದೇಶಗಳಿಗೆ), 17ರಿಂದ 31 ಡೇಟಾಕ್ಕೆ. 15 ಸ್ಲಾಟ್ ಅಂದರೆ 960 ಕೆಬಿಪಿಎಸ್. "ಈ ಕಾಲದಲ್ಲಿ 960ರಲ್ಲಿ ಏನು ಮಾಡ್ತೀರ, ಎಲ್ಲಾ ಐಪಿ ಮೇಲೆ ಹಾಕಿ" ಅಂತಲೂ ಹೇಳಿದರು. ಸಣ್ಣ ಪೈಪಿನಲ್ಲಿ ಮಾತನ್ನೂ ಡೇಟಾವನ್ನೂ ಒಟ್ಟಿಗೆ ಐಪಿಗೆ, ಅಂದರೆ ಇಂಟರ್ನೆಟ್ ರೀತಿಯ ಪ್ಯಾಕೆಟ್‌ಗೆ ಹಾಕಿದರೆ, ಯಾರೋ ಒಬ್ಬರು ವಿಡಿಯೋ ನೋಡೋಕೆ ಕೂತ ಕೂಡಲೇ ಮಾತು ತುಂಡಾಗುತ್ತೆ. ಇಲ್ಲಿ ಹಾಗಲ್ಲ. ಮಾತಿನ ಸ್ಲಾಟಿನ 64 ಕೆಬಿಪಿಎಸ್ ಮಾತಿನದ್ದೇ, ಡೇಟಾ ಎಷ್ಟೇ ತುಂಬಿದರೂ ಅದಕ್ಕೆ ಕೈ ಹಾಕೋಕಾಗಲ್ಲ. ಆ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ, ಈಗಲೂ ಅದನ್ನೇ ಹೇಳ್ತೀನಿ.

ಮೊದಲ ಸೋಲು ತಂತಿಯಲ್ಲಿ. ಮೋಡೆಮ್ 1 ಎಂಬಿವರೆಗೆ ಹಿಡಿಯಿತು, 2 ಎಂಬಿಗೆ ಹಾಕಿದರೆ ಐದು ನಿಮಿಷಕ್ಕೊಮ್ಮೆ ಬಿಡುತ್ತಿತ್ತು. ಜೋಡಿ ಬದಲಿಸಿದೆ. ಎರಡರಲ್ಲಿ ಇನ್ಸುಲೇಶನ್ ಒಂದು ಮೆಗಾಓಮ್‌ಗೂ ಕೆಳಗೆ, ಜಾಯಿಂಟಿನೊಳಗೆ ನೀರು. ನಾಲ್ಕು ಗುಂಡಿ ಅಗೆದು, ಜೆಲ್ ಕನೆಕ್ಟರ್ ಒತ್ತಿ, ಮೇಲೆ ಶ್ರಿಂಕ್ ಸ್ಲೀವ್ ಹಾಕಿದೆ. ಜುಲೈ ತಿಂಗಳು, ಗುಂಡಿಯಿಂದ ಎದ್ದಾಗೆಲ್ಲ ಕಾಲ ತುಂಬ ಇಂಬಳ. ಅಷ್ಟು ಮಾಡಿದರೂ 2 ಎಂಬಿ ನಿಲ್ಲಲಿಲ್ಲ.

ಲೂಪ್ ರೆಸಿಸ್ಟೆನ್ಸ್ (ಜೋಡಿಯ ಎರಡೂ ತಂತಿ ಸೇರಿ, ಹೋಗಿ ಬರುವ ದಾರಿಯ ರೋಧ) 440 ಓಮ್ ಚಿಲ್ಲರೆ. 0.5 ಎಂಎಂ ತಂತಿಗೆ ಕಿಲೋಮೀಟರಿಗೆ 168ರಂತೆ 2.6 ಕಿಲೋಮೀಟರಿಗೆ ಸರಿಯಾಗಿಯೇ ಇದೆ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಕೆಪಾಸಿಟೆನ್ಸ್ ಅಳೆದೆ. ಕಿಲೋಮೀಟರಿಗೆ 52 ನ್ಯಾನೋಫ್ಯಾರಡ್ ಲೆಕ್ಕದಲ್ಲಿ 135 ಬರಬೇಕು, ಮೀಟರ್ 155 ತೋರಿಸಿತು. ಹೆಚ್ಚಿನ 20 ಅಂದರೆ ಸುಮಾರು 400 ಮೀಟರ್ ತಂತಿ ಎಲ್ಲೋ ಕವಲಾಗಿ ನೇತಾಡುತ್ತಿದೆ. ಕವಲಿನ ತುದಿ ಖಾಲಿ ಇದ್ದರೆ ಲೂಪ್ ಅಳತೆಯಲ್ಲಿ ಅದು ಕಾಣೋದೇ ಇಲ್ಲ. ಮಾತಿನ ಫೋನಿಗೂ ತೊಂದರೆ ಕೊಡಲ್ಲ. ಆದರೆ ಎಸ್‌ಎಚ್‌ಡಿಎಸ್‌ಎಲ್‌ನ ಸಿಗ್ನಲ್ ಅದರೊಳಗೆ ಹೋಗಿ ಮರಳಿ ಬಂದು ಅಸಲಿ ಸಿಗ್ನಲನ್ನೇ ತಿನ್ನುತ್ತೆ.

ತೋಟದ ಲೆಕ್ಕ ಬರೆಯುತ್ತಿದ್ದ ಹಳೇ ರೈಟರನ್ನು ಕೇಳಿದೆ. "ಲೈನ್ ಮನೆ ಹತ್ರ ಮುಂಚೆ ಡಿಸ್ಪೆನ್ಸರಿ ಇತ್ತಲ್ಲ ಸ್ವಾಮಿ, ಅಲ್ಲಿಗೊಂದು ಫೋನಿತ್ತು" ಅಂದರು. ಕಟ್ಟಡ ಬಿದ್ದು ಎಷ್ಟೋ ವರ್ಷ ಆಗಿದೆ. ಅವರು ತೋರಿಸಿದ ಹಲಸಿನ ಮರದ ಬುಡದಲ್ಲಿ ಅಗೆದರೆ ಜಾಯಿಂಟ್ ಸಿಕ್ಕಿತು. ಕವಲು ಕತ್ತರಿಸಿದೆ. ಅವತ್ತು ಸಂಜೆಯೇ 2 ಎಂಬಿ ಹಿಡಿದು, ಗದ್ದಲ ತಡೆಯೋ ಮಾರ್ಜಿನ್ 9 ಡಿಬಿ ಆಸುಪಾಸು ನಿಂತಿತು.

ಎರಡನೇ ಸೋಲು ಕ್ಲಾಕ್, ಅಂದರೆ ಎರಡೂ ತುದಿ ಒಂದೇ ತಾಳಕ್ಕೆ ಬಿಟ್ ಕಳಿಸೋಕೆ ಬೇಕಾದ ಗಡಿಯಾರ. ಫೋನ್ ಮಾತಾಡಿತು, ಎಲ್ಲರೂ ಸಂತೋಷಪಟ್ಟರು. ನನಗೆ ಮಾತ್ರ ಹನ್ನೆರಡೂವರೆ ಸೆಕೆಂಡಿಗೊಮ್ಮೆ ಸಣ್ಣಗೆ "ಟಿಕ್" ಕೇಳುತ್ತಿತ್ತು. ಫ್ಯಾಕ್ಸ್ ಅರ್ಧಕ್ಕೆ ನಿಲ್ಲುತ್ತಿತ್ತು, 16ನೇ ಸ್ಲಾಟಿನಲ್ಲಿ ಎಚ್‌ಡಿಎಲ್‌ಸಿ ಅಬಾರ್ಟ್ (ಸಂದೇಶ ಅರ್ಧಕ್ಕೆ ತುಂಡಾದ ದೋಷ) ಸಾಲುಸಾಲಾಗಿ ಬರುತ್ತಿತ್ತು. ಒಂದು ಫ್ರೇಮ್, ಅಂದರೆ ಮೂವತ್ತೆರಡೂ ಸ್ಲಾಟಿನ ಒಂದು ಸುತ್ತು, 125 ಮೈಕ್ರೋಸೆಕೆಂಡ್. ಹನ್ನೆರಡೂವರೆ ಸೆಕೆಂಡಿಗೆ ಒಂದು ಫ್ರೇಮ್ ಜಾರಿದರೆ ಎರಡು ಗಡಿಯಾರಗಳ ನಡುವೆ ಹತ್ತು ಪಿಪಿಎಂ (ಹತ್ತು ಲಕ್ಷಕ್ಕೆ ಹತ್ತು) ವ್ಯತ್ಯಾಸ ಅಂತ ಅರ್ಥ. ನೋಡಿದರೆ ಮೋಡೆಮ್ ತನ್ನದೇ ಕ್ಲಾಕ್ ಮೇಲೆ ಓಡುತ್ತಿತ್ತು. ಆ ಸೆಟ್ಟಿಂಗ್ ನಾನು ಬದಲಿಸಿರಲೇ ಇಲ್ಲ, ಒಂದು ವಾರ ಹಾಳಾಯಿತು. ಈಗ ಕ್ಲಾಕ್ ಎಕ್ಸ್‌ಚೇಂಜಿನಿಂದ ಪಿಆರ್‌ಐ ಮೇಲೆ ಬಂದು ಆಫೀಸಿನ ಕಾರ್ಡಿನ ಮೊದಲ ಪೋರ್ಟಿಗೆ ಸೇರುತ್ತೆ. ಎರಡನೇ ಪೋರ್ಟ್ ಅದನ್ನೇ ಮೋಡೆಮ್‌ಗೆ ಕೊಡುತ್ತೆ, ಪಲ್ಪರ್ ಮನೆಯ ಕಾರ್ಡ್ ಅದನ್ನೇ ಹಿಡಿಯುತ್ತೆ. ಅಂದರೆ ಕಾರ್ಡಿನ ಸೆಟ್ಟಿಂಗ್ ಫೈಲಿನಲ್ಲಿ, ಪ್ರತಿ ಪೋರ್ಟಿನ ಸ್ಪ್ಯಾನ್ ಸಾಲಿನಲ್ಲಿ ಕ್ಲಾಕ್ ಹೇಳೋ ಎರಡನೇ ಅಂಕಿ ಈ ಮೂರು ಪೋರ್ಟಿಗೆ ಕ್ರಮವಾಗಿ 1, 0, 1. ಯಜಮಾನ ಒಬ್ಬನೇ ಇರಬೇಕು. ಮೋಡೆಮ್ ಮತ್ತು ಕಾರ್ಡನ್ನು ಯಾವ ಕ್ರಮದಲ್ಲಿ ಆನ್ ಮಾಡಿದರೆ ಕರೆಂಟ್ ಹೋಗಿ ಬಂದಾಗಲೂ ತಾನಾಗಿ ಸರಿಹೋಗುತ್ತೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ, ಅದು ನನ್ನ ಅನ್ನದ ದಾರಿ.

ಡೇಟಾ ಸ್ಲಾಟುಗಳಿಗೆ ಡಾಡಿಯನ್ನು (ಇ1 ಕಾರ್ಡ್ ಓಡಿಸೋ ಡ್ರೈವರ್) ನೆಟ್ ಸಪೋರ್ಟ್ ಹಾಕಿ ಮತ್ತೆ ಕಂಪೈಲ್ ಮಾಡಬೇಕು, ಸಾಮಾನ್ಯವಾಗಿ ಅದು ಆಫ್ ಇರುತ್ತೆ. ಸಿಗ್ನಲಿಂಗ್‌ನಲ್ಲಿ ಒಂದು ತುದಿ ನೆಟ್ (ಎಕ್ಸ್‌ಚೇಂಜಿನ ಪಾತ್ರ), ಇನ್ನೊಂದು ಸಿಪಿಇ (ಗ್ರಾಹಕನ ಪಾತ್ರ). ಕೇಬಲ್ಲಿನ ಪಿನ್ 1-2ರಿಂದ 4-5ಕ್ಕೆ ಕ್ರಾಸ್. ಇವೆಲ್ಲ ಈ ಕೆಲಸದವರಿಗೆ ಗೊತ್ತಿರೋದೇ.

ಮಧ್ಯೆ ಒಂದು ಪ್ರಯೋಗ ಮಾಡಿದೆ. ತೋಟದಲ್ಲಿ ಮಳೆಯನ್ನು ಇಂಚು-ಸೆಂಟಿನಲ್ಲಿ (ನೂರು ಸೆಂಟಿಗೆ ಒಂದು ಇಂಚು) ಬರೆದಿಡುತ್ತಾರಲ್ಲ, ಬೆಳಗ್ಗೆ ಏಳಕ್ಕೆ ಪಲ್ಪರ್ ಮನೆಯವರು ಅಂಕಿ ಒತ್ತಿದರೆ ಅಲ್ಲಿನ ಪೆಟ್ಟಿಗೆ ತಾನೇ ಆಫೀಸಿಗೆ ಕರೆ ಮಾಡುತ್ತೆ. ಒಂದು ಇಂಚು ಮೂವತ್ತೈದು ಸೆಂಟ್ ಆದರೆ ಕಾಲರ್ ನಂಬರ್ 0135. ಆಫೀಸಿನ ಪೆಟ್ಟಿಗೆ ನಂಬರ್ ಓದಿಕೊಂಡು, ಕರೆ ಎತ್ತದೆ, ಬ್ಯುಸಿ ಅಂತ 17ನೇ ಕಾರಣ ಕೊಟ್ಟು ಬಿಡುತ್ತೆ. ಒಂದು ಮಾತೂ ಆಡದೆ, ಬರೀ ಸಿಗ್ನಲಿಂಗ್ ಮೇಲೆ ಮಳೆಯ ಲೆಕ್ಕ ಬಂದುಬಿಡುತ್ತೆ. ಸಾಹುಕಾರ್ರಿಗೆ ಇಡೀ ಕೆಲಸದಲ್ಲಿ ತುಂಬ ಹಿಡಿಸಿದ್ದು ಇದೇ.

ಹಣದ ಮಾತು. ಎರಡು ಪೋರ್ಟಿನ ಕಾರ್ಡ್, ಒಂದು ಪೋರ್ಟಿನದ್ದು, ಎರಡೂ ಸೆಕೆಂಡ್ ಹ್ಯಾಂಡ್, ಸೇರಿ 40 ಸಾವಿರದ ಹತ್ತಿರ. ಮೋಡೆಮ್ ಜೋಡಿ ಹತ್ತೋ ಹನ್ನೊಂದೋ ಸಾವಿರ. ಹಳೇ ಕಂಪ್ಯೂಟರ್ ಎರಡು, ಫೋನ್ ಪೋರ್ಟಿನ ಗೇಟ್‌ವೇ, ಬ್ಯಾಟರಿ, ಕೂಲಿ ಎಲ್ಲ ಸೇರಿ ಒಂದು ಲಕ್ಷ ಮೂವತ್ತು ಸಾವಿರ ದಾಟಲಿಲ್ಲ. ಅದರಲ್ಲೇ ನನ್ನ ಕೈಯಿಂದ ಹನ್ನೆರಡು ಸಾವಿರ ಹೋಯಿತು. ಮೊದಲ ವರ್ಷದ ಹೂಮಳೆಯ ಸಿಡಿಲಿಗೆ ಪಲ್ಪರ್ ಮನೆಯ ಮೋಡೆಮ್, ಕಾರ್ಡಿನ ಪೋರ್ಟ್ ಎರಡೂ ಸುಟ್ಟವು. ಸಿಡಿಲಿನ ಕರೆಂಟನ್ನು ನೆಲಕ್ಕೆ ಇಳಿಸೋ ಜಿಡಿ ಟ್ಯೂಬ್ ಹಾಕಿದ್ದೆ, ಆದರೆ ಅರ್ತ್ ಗುಂಡಿ ಬಂಡೆ ಮೇಲಿತ್ತು. ಕಣದ ಕೆಳಗಿನ ಒದ್ದೆ ಮಣ್ಣಿಗೆ ಬೇರೆ ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬಿದೆ. ಮೋಡೆಮ್‌ನ ಕರೆಂಟಿನ ಅರ್ತನ್ನೂ ಅದೇ ಗುಂಡಿಗೆ ಕಟ್ಟಿದೆ. ಆಮೇಲೆ ಟ್ಯೂಬ್ ಎರಡು ಸತ್ತಿವೆ, ಮೋಡೆಮ್ ಸತ್ತಿಲ್ಲ.

ಈಗ ಪಕ್ಕದ ತೋಟದವರು ಕರೆದಿದ್ದಾರೆ. ಅಲ್ಲಿ 0.4 ಎಂಎಂ ತಂತಿ, ದೂರ ನಾಲ್ಕು ಕಿಲೋಮೀಟರ್. ಒಂದು ಜೋಡಿಯಲ್ಲಿ 2 ಎಂಬಿ ಆಗೋ ಮಾತಲ್ಲ, ಎರಡು ಜೋಡಿಗೆ ಹಂಚಬೇಕು. ಕೊಯ್ಲು ಮುಗಿದ ಮೇಲೆ ಕೆಪಾಸಿಟೆನ್ಸ್ ಮೀಟರ್ ಹಿಡಿದುಕೊಂಡು ಹೋಗ್ತೀನಿ.