ಲೂಟ್ ಬಾಕ್ಸ್ ತೆರೆಯುವ ಮೊದಲು ಲೆಕ್ಕ ಹಾಕುವುದು ಹೇಗೆ?

‘ಶೇ 1ರಷ್ಟು ಅವಕಾಶ ಇದೆಯಲ್ಲ, ನೂರು ಪೆಟ್ಟಿಗೆ ತೆರೆದರೆ ಒಂದಾದರೂ ಸಿಕ್ಕೇ ಸಿಗುತ್ತದೆ.’ ಈ ಮಾತನ್ನು ಹೈಸ್ಕೂಲ್ ಹುಡುಗರ ಬಾಯಲ್ಲಿ ಕೇಳಿದರೆ ಸುಮ್ಮನಿರಬಹುದು. ಎಂಜಿನಿಯರಿಂಗ್ ಮುಗಿಸಿ ಸಂಬಳ ಎಣಿಸುವವರೂ ಇದನ್ನೇ ಹೇಳುತ್ತಾರೆ. ನಿಜವೇನೆಂದರೆ, ನೂರು ಪೆಟ್ಟಿಗೆ ತೆರೆದ ಪ್ರತಿ ನೂರು ಜನರಲ್ಲಿ ಸರಾಸರಿ 37 ಮಂದಿ ಬರಿಗೈಯಲ್ಲೇ ಉಳಿಯುತ್ತಾರೆ. ಈ 37 ಎಲ್ಲಿಂದ ಬಂತು ಎಂಬುದು ತಿಳಿದರೆ ಮುಕ್ಕಾಲು ಕೆಲಸ ಮುಗಿದಂತೆ.

ಲೂಟ್ ಬಾಕ್ಸ್ ಎಂದರೆ ವಿಡಿಯೊ ಗೇಮ್‌ಗಳಲ್ಲಿ ದುಡ್ಡು ಕೊಟ್ಟ ಮೇಲಷ್ಟೇ ಒಳಗೇನಿದೆ ಎಂದು ಗೊತ್ತಾಗುವ ಪೆಟ್ಟಿಗೆ. ಒಂದು ಆಟದಲ್ಲಿ ಅದು ಕೇಸ್, ಇನ್ನೊಂದರಲ್ಲಿ ಕ್ರೇಟ್, ಮತ್ತೊಂದರಲ್ಲಿ ವಿಶ್. ಇಲ್ಲಿ ಎರಡು ಆಟಗಳ ಅಂಕಿಗಳನ್ನು ಹಿಡಿದು ಲೆಕ್ಕ ಮಾಡೋಣ: ಕೌಂಟರ್-ಸ್ಟ್ರೈಕ್ ಮತ್ತು ಗೆನ್ಶಿನ್ ಇಂಪ್ಯಾಕ್ಟ್.

ಹಂತ 1: ಅವಕಾಶದ ಪಟ್ಟಿ ಹುಡುಕಿ

ಯಾವುದು ಸಿಗಲು ಎಷ್ಟು ಅವಕಾಶ ಎಂಬ ಪಟ್ಟಿ ಪೆಟ್ಟಿಗೆಯ ಪರದೆಯ ಮೂಲೆಯಲ್ಲಿ ‘ಡೀಟೇಲ್ಸ್’ ಎಂದೋ, ಪ್ರಶ್ನಾರ್ಥಕ ಚಿಹ್ನೆಯ ರೂಪದಲ್ಲೋ ಇರುತ್ತದೆ. ಇಂಥ ಪಟ್ಟಿ ಕೊಡಲೇಬೇಕೆಂದು ಚೀನಾ 2017ರ ಮೇ ತಿಂಗಳಿಂದ ಕಡ್ಡಾಯ ಮಾಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಆಪಲ್ ತನ್ನ ಆಪ್ ಸ್ಟೋರ್‌ಗೂ ಆ ನಿಯಮ ತಂದಿತು. ಪಟ್ಟಿಯೇ ಸಿಗದ ಆಟಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಹಂತ 2: ಒಂದು ಸಲದ ಬೆಲೆಯನ್ನು ರೂಪಾಯಿಗೆ ಇಳಿಸಿ

ಕೌಂಟರ್-ಸ್ಟ್ರೈಕ್‌ನಲ್ಲಿ ಇದು ಸುಲಭ. ಒಂದು ಕೇಸ್ ತೆರೆಯುವ ಕೀಲಿಗೆ 2.49 ಡಾಲರ್. ಡಾಲರಿಗೆ ₹85 ಎಂದು ಹಿಡಿದರೂ ₹210ರ ಮೇಲೆ.

ಗೆನ್ಶಿನ್‌ನಲ್ಲಿ ದುಡ್ಡು ಎರಡು ಸಲ ವೇಷ ಬದಲಿಸುತ್ತದೆ. ಹಣ ಕೊಟ್ಟರೆ ಜೆನೆಸಿಸ್ ಕ್ರಿಸ್ಟಲ್, ಅದನ್ನು ಕೊಟ್ಟರೆ ಅಷ್ಟೇ ಸಂಖ್ಯೆಯ ಪ್ರಿಮೊಜೆಮ್, 160 ಪ್ರಿಮೊಜೆಮ್‌ಗೆ ಒಂದು ವಿಶ್. ಅತಿ ಚಿಕ್ಕ ಪ್ಯಾಕ್‌ನಲ್ಲಿ 60 ಕ್ರಿಸ್ಟಲ್, ಬೆಲೆ 0.99 ಡಾಲರ್. ಒಂದು ವಿಶ್‌ಗೆ ಮೂರು ಪ್ಯಾಕ್ ಬೇಕು, ಮಾಡಿದ ಮೇಲೆ 20 ಕ್ರಿಸ್ಟಲ್ ಮಿಗುತ್ತದೆ. ಆ ಮಿಕ್ಕಿದ್ದು ಸುಮ್ಮನೆ ಕೂರುವುದಿಲ್ಲ, ‘ಇನ್ನೊಂದು ಪ್ಯಾಕ್ ತೆಗೆದುಕೊ’ ಎಂದು ಕರೆಯುತ್ತಲೇ ಇರುತ್ತದೆ. 99.99 ಡಾಲರಿನ ದೊಡ್ಡ ಪ್ಯಾಕ್‌ನಲ್ಲಿ ಬೋನಸ್ ಸೇರಿ 8,080 ಕ್ರಿಸ್ಟಲ್, ಅಂದರೆ 50 ವಿಶ್. ತಲಾ ಎರಡು ಡಾಲರ್. ‘ಬೋನಸ್’, ‘ಮೊದಲ ಸಲಕ್ಕೆ ದುಪ್ಪಟ್ಟು’ ಎಂಬ ಪಟ್ಟಿಗಳನ್ನೆಲ್ಲ ಪಕ್ಕಕ್ಕಿಟ್ಟು ಒಂದು ವಿಶ್‌ಗೆ ಇಷ್ಟು ರೂಪಾಯಿ ಎಂದು ಕಾಗದದ ಮೇಲೆ ಬರೆಯಿರಿ. ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಲದು.

ಹಂತ 3: ನಿಮಗೆ ಬೇಕಾದ ವಸ್ತುವಿನ ಅವಕಾಶ ಎಷ್ಟು?

ಪಟ್ಟಿಯಲ್ಲಿರುವುದು ಬಹುತೇಕ ಒಂದು ಗುಂಪಿನ ಅವಕಾಶ. ಕೌಂಟರ್-ಸ್ಟ್ರೈಕ್ ಕೇಸ್‌ಗಳಲ್ಲಿ ಚಾಕು ಅಥವಾ ಕೈಗವಸಿನ ಅಪರೂಪದ ಗುಂಪಿಗೆ ಸುಮಾರು ಶೇ 0.26. ಸುಮಾರು ಶೇ 80ರಷ್ಟು ಸಲ ಸಿಗುವುದು ಅತಿ ಸಾಮಾನ್ಯ ದರ್ಜೆಯ ನೀಲಿ ಸ್ಕಿನ್ (ಆಯುಧದ ಬಣ್ಣ-ವಿನ್ಯಾಸ). ಆ 0.26 ‘ಯಾವುದೋ ಒಂದು’ ಅಪರೂಪದ ವಸ್ತುವಿನ ಲೆಕ್ಕ. ನೀವು ಕಣ್ಣಿಟ್ಟಿರುವ ಚಾಕು, ಅದೂ ಅದೇ ಬಣ್ಣದಲ್ಲಿ ಬೇಕೆಂದರೆ ಗುಂಪಿನಲ್ಲಿ ಎಷ್ಟು ಬಗೆಗಳಿವೆಯೋ ಅಷ್ಟರಿಂದ ಭಾಗಿಸಿ. ನನ್ನ ಸಲಹೆ ಕೇಳುವುದಾದರೆ, ಒಂದೇ ಒಂದು ಸ್ಕಿನ್ ಮೇಲೆ ಆಸೆಯಿದ್ದವರು ಕೇಸ್ ಮುಟ್ಟಲೇಬಾರದು. ಆಟಗಾರರೇ ಇಂಥವನ್ನು ಮಾರುವ ಸ್ಟೀಮ್ ಮಾರುಕಟ್ಟೆಯಲ್ಲಿ ಅದರ ಬೆಲೆ ನೋಡಿ ನೇರವಾಗಿ ಕೊಳ್ಳಬೇಕು, ಕೈಗೆಟುಕದಿದ್ದರೆ ಬಿಡಬೇಕು.

ಹಂತ 4: ಬರಿಗೈಯ ಲೆಕ್ಕ

ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಹೋಗೋಣ. ‘ಸಿಗುವ’ ಅವಕಾಶಗಳನ್ನು ಕೂಡಿಸುತ್ತಾ ಹೋಗಬಾರದು. ‘ಸಿಗದ’ ಅವಕಾಶಗಳನ್ನು ಗುಣಿಸಬೇಕು.

ಮೊದಲು ಶೇಕಡಾವಾರನ್ನು ದಶಮಾಂಶ ಮಾಡಿ. ಶೇ 1 ಎಂದರೆ 0.01. ಶೇ 0.26 ಎಂದರೆ 0.0026. ಇಲ್ಲಿ 0.26 ಎಂದೇ ಬರೆದುಕೊಂಡು, ‘ನಾಲ್ಕು ಕೇಸ್‌ಗೆ ಒಂದು ಚಾಕು’ ಎಂದು ಹಿಗ್ಗುವವರಿದ್ದಾರೆ. ಚುಕ್ಕಿಯ ನಂತರ ಎರಡು ಸೊನ್ನೆ ಬಂದಿದೆಯೇ ಎಂದು ಮತ್ತೊಮ್ಮೆ ನೋಡಿ.

ನಂತರ ಅದನ್ನು 1ರಿಂದ ಕಳೆಯಿರಿ. 0.01 ಇದ್ದರೆ 0.99. ಒಂದು ಪೆಟ್ಟಿಗೆಯಲ್ಲಿ ಸಿಗದಿರುವ ಅವಕಾಶ ಇದು. ಎರಡು ಪೆಟ್ಟಿಗೆಯಲ್ಲೂ ಸಿಗದಿರುವುದಕ್ಕೆ 0.99 × 0.99. ನೂರರಲ್ಲೂ ಸಿಗದಿರುವುದಕ್ಕೆ 0.99ನ್ನು ನೂರು ಸಲ ಗುಣಿಸಬೇಕು. ಗಾಬರಿ ಬೇಡ. ಫೋನಿನ ಕ್ಯಾಲ್ಕುಲೇಟರ್ ತೆರೆದು ಅಡ್ಡಕ್ಕೆ ತಿರುಗಿಸಿದರೆ ಘಾತದ ಗುಂಡಿ ಕಾಣಿಸುತ್ತದೆ. 0.99 ಒತ್ತಿ, ಘಾತ ಒತ್ತಿ, 100 ಒತ್ತಿ: 0.366. ಅಂದರೆ ಶೇ 37ರಷ್ಟು ಬರಿಗೈ. ಎಕ್ಸೆಲ್ ಬಳಸುವವರು =1-(1-0.01)^100 ಎಂದು ಹಾಕಿದರೆ ಸಿಗುವ ಅವಕಾಶವೇ ನೇರವಾಗಿ ಬರುತ್ತದೆ.

ಈಗ ಚಾಕುವಿನ ಲೆಕ್ಕ. 0.9974ರ ಘಾತ 100, ಉತ್ತರ 0.77. ನೂರು ಕೀಲಿಗೆ 249 ಡಾಲರ್ ಸುರಿದ ಮೇಲೂ ನಾಲ್ಕರಲ್ಲಿ ಮೂರು ಮಂದಿಗಿಂತ ಹೆಚ್ಚಿನವರಿಗೆ ಚಾಕು ಇಲ್ಲ.

ಘಾತವೂ ಬೇಡ ಎನ್ನುವವರಿಗೆ ಒಂದು ಅಡ್ಡದಾರಿ. 69ನ್ನು ಶೇಕಡಾವಾರಿನಿಂದ ಭಾಗಿಸಿದರೆ ಅರ್ಧದಷ್ಟು ಜನರಿಗೆ ಸಿಗಲು ಬೇಕಾದ ಪೆಟ್ಟಿಗೆಗಳ ಸಂಖ್ಯೆ. 230ನ್ನು ಭಾಗಿಸಿದರೆ ಹತ್ತರಲ್ಲಿ ಒಂಬತ್ತು ಜನರಿಗೆ. ಶೇಕಡಾವಾರು ಚಿಕ್ಕದಿದ್ದಾಗ ಮಾತ್ರ ಇದು ಸರಿ. ಚಾಕುವಿಗೆ 69 ÷ 0.26 = 265, 230 ÷ 0.26 = 885. ಎಂಟುನೂರ ಎಂಬತ್ತೈದು ಕೀಲಿಗೆ 2,200 ಡಾಲರ್ ದಾಟುತ್ತದೆ, ₹85ರ ಲೆಕ್ಕದಲ್ಲಿ ಸುಮಾರು ₹1.87 ಲಕ್ಷ. ಕಾಗದದ ಮೇಲೆ ಈ ಎರಡನೆಯ ಅಂಕಿಯನ್ನೇ ಬರೆಯಿರಿ. ಸರಾಸರಿಯನ್ನು ನಂಬಿ ಬಜೆಟ್ ಹಾಕುವವರು ತಾವು ಅದೃಷ್ಟವಂತರ ಪೈಕಿ ಎಂದು ಮೊದಲೇ ತೀರ್ಮಾನಿಸಿರುತ್ತಾರೆ.

ಇನ್ನೊಂದು ಮಾತು. ‘ಐವತ್ತು ಸಲ ಸಿಕ್ಕಿಲ್ಲ, ಇನ್ನು ಸಿಗುವ ಹೊತ್ತು ಬಂತು’ ಎಂಬುದು ಕೌಂಟರ್-ಸ್ಟ್ರೈಕ್‌ನಲ್ಲಿ ಬರೀ ಭ್ರಮೆ. ಐವತ್ತೊಂದನೆಯ ಕೇಸ್‌ಗೂ ಅದೇ 0.26. ಕೇಸ್ ತೆರೆಯುವಾಗ ಪರದೆಯಲ್ಲಿ ತಿರುಗುವ ಚಿತ್ರಗಳ ಸಾಲು ಚಾಕುವಿನ ಪಕ್ಕದಲ್ಲೇ ನಿಂತಿತು ಎಂದು ಹಲ್ಲು ಕಚ್ಚುವುದೂ ವ್ಯರ್ಥ. ಆ ತಿರುಗಾಟ ಬರೀ ಅಲಂಕಾರ.

ಹಂತ 5: ‘ಪಿಟಿ’ ಇದ್ದರೆ ಗರಿಷ್ಠ ಖರ್ಚು ನೋಡಿ

ಗೆನ್ಶಿನ್‌ನಲ್ಲಿ ಲೆಕ್ಕ ಬೇರೆ. ಪಾತ್ರಗಳ ವಿಶ್‌ನಲ್ಲಿ ಐದು ನಕ್ಷತ್ರದ್ದು (ಅತಿ ಅಪರೂಪದ ದರ್ಜೆ) ಸಿಗುವ ಅವಕಾಶ ಪ್ರತಿ ಸಲಕ್ಕೆ ಶೇ 0.6, ಆದರೆ 90ನೇ ವಿಶ್‌ನೊಳಗೆ ಒಂದು ಖಚಿತ. ಈ ಖಾತರಿಯನ್ನೇ ಆಟಗಾರರು ಪಿಟಿ ಎನ್ನುವುದು. 74ರ ಆಸುಪಾಸಿನಿಂದ ಅವಕಾಶ ಏರುತ್ತದೆ ಎಂಬುದನ್ನೂ ಅವರೇ ತಮ್ಮ ದಾಖಲೆಗಳನ್ನು ಕೂಡಿಹಾಕಿ ಕಂಡುಕೊಂಡಿದ್ದಾರೆ. ಪಟ್ಟಿಯಲ್ಲಿ ಇನ್ನೊಂದು ಅಂಕಿ ಇರುತ್ತದೆ, ಶೇ 1.6. ಅದು ಖಾತರಿಯನ್ನೂ ಸೇರಿಸಿದ ಸರಾಸರಿ. ನಿಮ್ಮ ಮುಂದಿನ ವಿಶ್‌ನ ಅವಕಾಶ ಎಂದು ಓದಬೇಡಿ.

ಖಾತರಿಯಲ್ಲೂ ಒಂದು ಸುಳಿ ಇದೆ. ಮೊದಲ ಸಲ ಐದು ನಕ್ಷತ್ರದ್ದು ಬಂದಾಗ ಅದು ಜಾಹೀರಾತಿನ ಪಾತ್ರವೇ ಆಗಬೇಕೆಂದಿಲ್ಲ. ತಪ್ಪಿದರೆ ಮುಂದಿನ ಐದು ನಕ್ಷತ್ರದ್ದು ಖಚಿತವಾಗಿ ಜಾಹೀರಾತಿನ ಪಾತ್ರವೇ. ಹಾಗಾಗಿ ಅತಿ ಕೆಟ್ಟ ಪಕ್ಷದಲ್ಲಿ 180 ವಿಶ್, 28,800 ಪ್ರಿಮೊಜೆಮ್. ದೊಡ್ಡ ಪ್ಯಾಕ್ ಮೂರು ಕೊಂಡರೆ ಸಾಲದು, ನಾಲ್ಕು ಬೇಕು: 400 ಡಾಲರ್, ಸುಮಾರು ₹34,000. ಒಂದೇ ಪಾತ್ರಕ್ಕೆ! ಆಡಿ ಉಚಿತವಾಗಿ ಗಳಿಸಿದ ಪ್ರಿಮೊಜೆಮ್ ಇದ್ದರೆ ಇದರಲ್ಲಿ ಕಳೆಯಿರಿ. ಕಳೆದ ಮೇಲೆ ಉಳಿದದ್ದನ್ನು ಕೊಡಲು ಮನಸ್ಸಿಲ್ಲದಿದ್ದರೆ ಶುರು ಮಾಡಲೇಬೇಡಿ, ಅರ್ಧಕ್ಕೆ ನಿಲ್ಲಿಸುವುದು ಶುರು ಮಾಡದಿರುವುದಕ್ಕಿಂತ ಕಷ್ಟ. ಇದೇ ಆಟದ ಕಂಪನಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆ 2025ರ ಜನವರಿಯಲ್ಲಿ ರಾಜಿಯಾಗಿ 2 ಕೋಟಿ ಡಾಲರ್ ಕಟ್ಟಲು ಒಪ್ಪಿತು. 16 ವರ್ಷದೊಳಗಿನವರಿಗೆ ಪೋಷಕರ ಒಪ್ಪಿಗೆಯಿಲ್ಲದೆ ಲೂಟ್ ಬಾಕ್ಸ್ ಮಾರಬಾರದು ಎಂಬುದೂ ಆ ಒಪ್ಪಂದದ ಭಾಗ.

ಹಂತ 6: ‘ಪೂರ್ತಿ ಸೆಟ್’ ಎಂದಾಗ ದೂರ ಸರಿಯಿರಿ

ಸಮಾನ ಅವಕಾಶದ ಹತ್ತು ವಸ್ತುಗಳನ್ನೂ ಕೂಡಿಸಲು ಸರಾಸರಿ 29 ಪೆಟ್ಟಿಗೆ ಬೇಕು. ಕೊನೆಯ ಒಂದಕ್ಕೇ ಹತ್ತು. ಸೆಟ್ ಪೂರೈಸಿದರೆ ದೊಡ್ಡ ಬಹುಮಾನ ಎನ್ನುವ ಈ ಬಗೆಯನ್ನು ಜಪಾನ್ 2012ರಲ್ಲೇ ನಿಲ್ಲಿಸಿತು.

ಪಟ್ಟಿಯ ಅಂಕಿಗಳನ್ನು ಕಣ್ಣುಮುಚ್ಚಿ ನಂಬಬಹುದೇ ಎಂದರೆ, ಇಲ್ಲ. ಮೇಪಲ್‌ಸ್ಟೋರಿ ಆಟದಲ್ಲಿ ಅವಕಾಶಗಳನ್ನು ಆಟಗಾರರಿಗೆ ತಿಳಿಸದೆ ಬದಲಿಸಿದ್ದಕ್ಕೆ ದಕ್ಷಿಣ ಕೊರಿಯಾ 2024ರ ಜನವರಿಯಲ್ಲಿ ನೆಕ್ಸಾನ್ ಕಂಪನಿಗೆ 1,100 ಕೋಟಿ ವಾನ್‌ಗೂ ಹೆಚ್ಚು ದಂಡ ಹಾಕಿತು. ಇನ್ನು ‘ಉಚಿತ ಡೈಮಂಡ್’, ‘ಉಚಿತ ಯುಸಿ’ (ಎರಡೂ ಆಟದೊಳಗಿನ ಹಣ) ಕೊಡುತ್ತೇವೆ ಎನ್ನುವ ತಾಣಗಳ ಗುರಿ ನಿಮ್ಮ ಪಾಸ್‌ವರ್ಡ್. ಅಲ್ಲಿ ಲೆಕ್ಕ ಹಾಕುವ ಅಗತ್ಯವೇ ಇಲ್ಲ.

ಹಂತ 7: ಹಣಕ್ಕೆ ಬೀಗ

ಪ್ಲೇ ಸ್ಟೋರ್‌ನಲ್ಲಿ ಉಳಿಸಿಟ್ಟ ಕಾರ್ಡ್ ಮತ್ತು ಯುಪಿಐ ತೆಗೆದುಹಾಕಿ, ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಮಾಡಿ. ಮಾಸಿಕ ಬಜೆಟ್ ಹಾಕುವ ಸೌಲಭ್ಯವೂ ಅಲ್ಲೇ ಇದೆ, ಆದರೆ ಅದು ಮಿತಿ ದಾಟಿದಾಗ ಎಚ್ಚರಿಸುತ್ತದೆಯೇ ಹೊರತು ತಡೆಯುವುದಿಲ್ಲ. ಮಕ್ಕಳ ಫೋನಿಗೆ ನಿಗದಿತ ಮೊತ್ತದ ಗಿಫ್ಟ್ ಕೋಡ್ ಬಿಟ್ಟರೆ ಬೇರೆ ದಾರಿ ನನಗೆ ಒಪ್ಪಿಗೆಯಿಲ್ಲ: ₹500ರ ಕೋಡ್ ಹಾಕಿದರೆ ₹500ಕ್ಕೆ ನಿಲ್ಲುತ್ತದೆ.